ಬೆನ್ನು ತಿರುಗಿಸಿ ಹಾಡುವವರು

ಸಾವಿನ ಮನೆಯಲ್ಲಿ ರಾಗ ಎಳೆದು ಅಳುವ ಹೆಂಗಸಿನ ಬಗ್ಗೆ, ಹೆಣ ಎತ್ತಿದ ಮೇಲೆ ಜಗಲಿಯಲ್ಲಿ ಕೂತವರು ಒಂದು ಮಾತು ಆಡುವುದುಂಟು: ‘ಏನು ಹಾಡಾಡಿ ಅತ್ತಳಪ್ಪ!’ ಅದರಲ್ಲಿ ಅರ್ಧ ಮೆಚ್ಚುಗೆ, ಅರ್ಧ ಗೇಲಿ. ನಿಜವಾಗಿ ಕರುಳು ಕಿವುಚಿದವಳಿಗೆ ಪ್ರಾಸ ಹೇಗೆ ಹೊಳೆದೀತು, ಅವಳು ಗಂಟಲು ಕಟ್ಟಿ ಮೂಲೆಯಲ್ಲಿ ಕೂರಬೇಕಲ್ಲವೇ ಎಂಬ ಅನುಮಾನ ಆ ಗೇಲಿಯ ಬೆನ್ನಿಗಿದೆ. ಇದು ನಮ್ಮ ಜಗಲಿಯ ಸೊತ್ತು ಮಾತ್ರ ಎಂದುಕೊಂಡಿದ್ದೆ. ಮಧ್ಯ ಏಷ್ಯಾದ ಕಿರ್ಗಿಜ್ ಜನರ ಶೋಕಗೀತೆಗಳ ಬಗ್ಗೆ ಓದತೊಡಗಿದ ಮೇಲೆ ಗೊತ್ತಾಯಿತು, ವಿದ್ವಾಂಸರು, ಕಾಮ್ರೇಡರು, ಇಮಾಮರು ಎಲ್ಲರೂ ತಂತಮ್ಮ ಜಗಲಿಯಲ್ಲಿ ಕೂತು ಇದೇ ಮಾತನ್ನು ಆಡಿದ್ದಾರೆ.

ಆ ಹಾಡಿನ ಹೆಸರು ಕೊಶೋಕ್. ಹೆಸರಿನಿಂದಲೇ ನನ್ನ ತಕರಾರು ಶುರುವಾಗುತ್ತದೆ. ಅಳುವುದಕ್ಕೆ ಕಿರ್ಗಿಜ್ ಭಾಷೆಯಲ್ಲಿ ಬೇರೆಯೇ ಶಬ್ದವಿದೆ. ಕೊಶೋಕ್ ಹುಟ್ಟಿದ್ದು ‘ಕೊಶ್’ ಎಂಬ ಧಾತುವಿನಿಂದ. ಅದರ ಅರ್ಥ ಕೂಡಿಸು, ಜೋಡಿಸು, ಸೇರಿಸು. ಲೆಕ್ಕದಲ್ಲಿ ಎರಡಕ್ಕೆ ಮೂರು ಕೂಡಿಸುವುದಕ್ಕೂ ಅವರು ಇದೇ ಕ್ರಿಯಾಪದ ಬಳಸುತ್ತಾರೆ. ಅಂದರೆ ಈ ಹಾಡನ್ನು ಹಾಡಿಕೊಂಡು ಬಂದವರು ಅದಕ್ಕೆ ‘ಅಳು’ ಎಂದು ಹೆಸರಿಟ್ಟಿಲ್ಲ, ‘ಕಟ್ಟಿದ್ದು’ ಎಂದು ಇಟ್ಟಿದ್ದಾರೆ. ಹೊರಗಿನಿಂದ ಬಂದವರಿಗೆ ಮಾತ್ರ ಅದು ದುಃಖ ತಾನಾಗಿ ಉಕ್ಕಿದ ಹಾಗೆ ಕೇಳಿಸಿತು. ಉಕ್ಕಿದ್ದಲ್ಲ ಎಂದು ಗೊತ್ತಾದ ಕ್ಷಣ ಅದೇ ಕಿವಿಗೆ ನಟನೆಯಾಗಿ ಕೇಳಿಸಿತು. ಉಕ್ಕಿದರೆ ನಿಜ, ಕಟ್ಟಿದರೆ ಸುಳ್ಳು ಎಂಬ ಈ ಎರಡೇ ಪೆಟ್ಟಿಗೆಗಳಲ್ಲಿ ಕೊಶೋಕನ್ನು ತುರುಕುವುದೇ ತಪ್ಪು ಎನ್ನುವುದು ನನ್ನ ವಾದ.

ಸಾವಿನ ಮನೆಯನ್ನೇ ನೋಡೋಣ. ಕಿರ್ಗಿಜರು ಅಲೆಮಾರಿ ಕುರುಬರಾಗಿದ್ದ ಕಾಲದಿಂದ ಬಂದ ಉಣ್ಣೆಯ ದುಂಡು ಡೇರೆಗೆ ‘ಬೊಜ್ ಉಯ್’ ಎನ್ನುತ್ತಾರೆ. ಇವತ್ತು ಊರಿನಲ್ಲಿ ಇಟ್ಟಿಗೆ ಮನೆ ಇದ್ದವರೂ ಸಾವಾದಾಗ ಅಂಗಳದಲ್ಲಿ ಇಂಥದೊಂದು ಡೇರೆ ಎತ್ತಿ ದೇಹವನ್ನು ಅಲ್ಲಿ ಮಲಗಿಸುತ್ತಾರೆ. ಗಂಡಸಾದರೆ ಒಳಹೊಕ್ಕಾಗ ಎಡಕ್ಕೆ ಬರುವ ಗಂಡಸರ ಪಾಲಿನಲ್ಲಿ, ಹೆಂಗಸಾದರೆ ಬಲಕ್ಕೆ. ನಡುವೆ ಒಂದು ಪರದೆ. ಬಾಗಿಲ ಹೊರಗೆ ಸತ್ತವನ ಅಣ್ಣತಮ್ಮಂದಿರು, ಮಕ್ಕಳು ಸೊಂಟಕ್ಕೆ ಬಟ್ಟೆ ಬಿಗಿದು, ಕೋಲು ಊರಿಕೊಂಡು ಬಾಗಿ ನಿಲ್ಲುತ್ತಾರೆ. ಮಾತನಾಡಿಸಲು ಬರುವವರು ದೂರದಿಂದಲೇ ಗಟ್ಟಿಯಾಗಿ ‘ಬೋರುಮ್’ ಎಂದು ಕೂಗುತ್ತಾ ಬರುತ್ತಾರೆ. ಅಕ್ಷರಶಃ ಹೇಳಿದರೆ ಅದು ‘ನನ್ನ ಯಕೃತ್ತು’ ಎಂಬುದು. ನಾವು ಕರುಳು ಎನ್ನುವಲ್ಲಿ ಅವರು ಯಕೃತ್ತು ಎನ್ನುತ್ತಾರೆ, ಅರ್ಥ ಒಂದೇ, ಒಡಹುಟ್ಟಿದವನೇ. ನಿಂತವರೂ ಅದೇ ಮಾತಿನಿಂದ ಎದುರು ಕೂಗುತ್ತಾರೆ. ಗಂಡಸರ ಈ ಗೋಳಾಟಕ್ಕೆ ‘ಒಕುರೂ’ ಎಂದು ಹೆಸರು. ಎರಡು ಮೂರು ಶಬ್ದಗಳು, ಅವೇ ಮತ್ತೆ ಮತ್ತೆ.

ಒಳಗೆ ಹೆಂಡತಿ, ಹೆಣ್ಣುಮಕ್ಕಳು, ಸೊಸೆಯರು ಬಾಗಿಲಿಗೆ ಬೆನ್ನು ಹಾಕಿ, ಡೇರೆಯ ಗೋಡೆಗೆ ಮುಖಮಾಡಿ ಕೂತಿರುತ್ತಾರೆ. ಕೈ ಸೊಂಟದ ಮೇಲೆ. ಮುಖದಿಂದ ಗೇಣು ದೂರದಲ್ಲಿ ಗೋಡೆಯ ಹಂದರ, ಅಡ್ಡಡ್ಡ ಹೆಣೆದ ಮರದ ಕಡ್ಡಿಗಳ ಜಾಲರಿ. (ಅದರ ಹೆಸರು ಕೆರೆಗೆ. ಕನ್ನಡದವರಿಗೆ ತಟ್ಟನೆ ‘ಕೆರೆಗೆ ಹಾರ’ ನೆನಪಾದರೆ ಅದು ಬರೀ ಶಬ್ದದ ಕಾಕತಾಳೀಯ, ಆದರೂ ಸೊಸೆಯಂದಿರು, ಸಾವು ಮತ್ತು ಹಾಡು ಮೂರೂ ಸೇರಿದ ಕಡೆ ಈ ಶಬ್ದ ಎದುರಾದಾಗ ನಾನಂತೂ ಒಂದು ಕ್ಷಣ ಓದು ನಿಲ್ಲಿಸಿದೆ.) ಹೊಸಬರು ಬಂದ ಸದ್ದು ಕೇಳಿದಾಗಲೆಲ್ಲ ಕೊಶೋಕ್ ಮತ್ತೆ ಮೊದಲಾಗುತ್ತದೆ. ಬಂದವರಿಗೆ ಕಾಣುವುದು ಸಾಲುಗಟ್ಟಿ ಕೂತ ಬೆನ್ನುಗಳು ಮಾತ್ರ.

ಈ ಕೂರುವ ಕ್ರಮದಲ್ಲಿ ಒಂದು ವಿಂಗಡಣೆಯಿದೆ. ಹೊರಗಡೆ ಅಳು, ಒಳಗಡೆ ಹಾಡು. ಎರಡೂ ಒಂದೇ ಸಾವಿಗೆ, ಒಂದೇ ಹೊತ್ತಿನಲ್ಲಿ. ಅಳು ಮತ್ತು ಕಟ್ಟುವಿಕೆ ಬೇರೆ ಬೇರೆ ಕೆಲಸ ಎಂದು ಆ ಸಮಾಜಕ್ಕೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಬೇರೆ ಬೇರೆ ಜನಕ್ಕೆ, ಬೇರೆ ಬೇರೆ ಜಾಗದಲ್ಲಿ ಹಂಚಿತ್ತು. ‘ಹೆಣ್ಣು ಭಾವುಕಳು, ಆದ್ದರಿಂದ ಅವಳ ಬಾಯಲ್ಲಿ ಶೋಕಗೀತೆ’ ಎನ್ನುವವರು ಈ ಡೇರೆಯ ಮುಂದೆ ಐದು ನಿಮಿಷ ನಿಲ್ಲಬೇಕು. ಅಲ್ಲಿ ಭಾವುಕತೆಯ ಪಾಳಿ ಗಂಡಸರದು. ಹೆಂಗಸರದು ಛಂದಸ್ಸು.

ಛಂದಸ್ಸು ಎಂದದ್ದು ಅಲಂಕಾರಕ್ಕಲ್ಲ. ಕೊಶೋಕಿನ ಸಾಲು ಏಳೋ ಎಂಟೋ ಅಕ್ಷರಗಳದು. ಕಿರ್ಗಿಜರ ಮಹಾಕಾವ್ಯ ‘ಮನಾಸ್’ ಹರಿಯುವುದೂ ಇದೇ ಅಳತೆಯಲ್ಲಿ. ನಮ್ಮ ಹಳಗನ್ನಡದಲ್ಲಿ ಪ್ರಾಸ ಎರಡನೆಯ ಅಕ್ಷರದ ಮೇಲೆ ಕೂರುತ್ತದೆ. ಅವರು ಸಾಲಿನ ಮೊದಲ ಅಕ್ಷರವನ್ನು ಹೊಂದಿಸುತ್ತಾರೆ, ಕೊನೆಯನ್ನೂ ಹೊಂದಿಸುತ್ತಾರೆ, ಸಾಲುಗಳು ಒಂದರ ಹಿಂದೊಂದು ಒಂದೇ ಪ್ರಾಸದಲ್ಲಿ ಓಡುತ್ತವೆ, ಉಸಿರು ಮುಗಿದ ಕಡೆ ಹೊಸ ಪ್ರಾಸ ಹಿಡಿಯುತ್ತವೆ. ಕೊಶೋಕಿನಲ್ಲಿ ಪಳಗಿದವಳಿಗೆ ‘ಕೊಶೋಕ್ಚು’ ಎಂದು ಹೆಸರು. ಮನೆಯವರಿಗೆ ಕಟ್ಟಲು ಬಾರದಿದ್ದರೆ ಅವಳನ್ನು ಕರೆಸುತ್ತಿದ್ದರು. ನಮ್ಮಲ್ಲಿ ‘ರುಡಾಲಿ’ ಸಿನಿಮಾ ನೋಡಿದವರಿಗೆ ಕರೆಸಿಕೊಂಡ ಶೋಕ ಎಂದ ಕೂಡಲೇ ಬಾಡಿಗೆ ಕಣ್ಣೀರು ಎನಿಸುತ್ತದೆ. ಆದರೆ ಪುರೋಹಿತರನ್ನೂ ನಾವು ಕರೆಸುತ್ತೇವೆ. ಮಂತ್ರ ಹೇಳುವವನಿಗೆ ಸತ್ತವನ ಮೇಲೆ ಪ್ರೀತಿ ಇತ್ತೇ ಎಂದು ಯಾರೂ ಕೇಳುವುದಿಲ್ಲ, ಉಚ್ಚಾರ ಸರಿಯಿತ್ತೇ ಎಂದಷ್ಟೇ ನೋಡುತ್ತಾರೆ.

ಈ ತಾರತಮ್ಯಕ್ಕೆ ವಿದ್ವತ್ತಿನ ಚರಿತ್ರೆಯಲ್ಲೇ ಒಂದು ಸೊಗಸಾದ ಸಾಕ್ಷಿ ಇದೆ. ರಷ್ಯದಲ್ಲಿ ನೆಲೆಸಿದ್ದ ಜರ್ಮನ್ ವಿದ್ವಾಂಸ ವಿಲ್ಹೆಲ್ಮ್ ರಾಡ್ಲೋಫ್ 1860ರ ದಶಕದಲ್ಲಿ ಕಿರ್ಗಿಜರ ನಡುವೆ ಓಡಾಡಿ ಅವರ ಹಾಡುಗಳನ್ನು ಬರೆದುಕೊಂಡ. 1885ರಲ್ಲಿ ಆ ಸಂಪುಟ ಅಚ್ಚಾಯಿತು. ಅದರ ಮುನ್ನುಡಿಯಲ್ಲಿ ಅವನು ಹೇಳಿದ ಒಂದು ಸಂಗತಿ ಮುಂದೆ ಜಗತ್ಪ್ರಸಿದ್ಧವಾಯಿತು: ಮಹಾಕಾವ್ಯದ ಗಾಯಕ ಬಾಯಿಪಾಠ ಒಪ್ಪಿಸುವುದಿಲ್ಲ, ಹಾಗೆಂದು ಏನೂ ಇಲ್ಲದೆಯೂ ಹಾಡುವುದಿಲ್ಲ, ಹುಟ್ಟು, ಯುದ್ಧ, ಕುದುರೆಯ ವರ್ಣನೆ ಇಂಥ ಸಿದ್ಧ ಭಾಗಗಳನ್ನು ಪಿಯಾನೊ ವಾದಕ ತನಗೆ ಗೊತ್ತಿರುವ ಸ್ವರಗುಚ್ಛಗಳನ್ನು ಕೂಡಿಸುವ ಹಾಗೆ ಆ ಗಳಿಗೆಯಲ್ಲಿ ಕೂಡಿಸುತ್ತಾನೆ. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಹೋಮರನನ್ನು ಓದುವ ರೀತಿಯನ್ನೇ ಬದಲಿಸಿದಾಗ ರಾಡ್ಲೋಫನ ಈ ಮಾತು ಅವರ ಬೆನ್ನಿಗಿತ್ತು. ಸಿದ್ಧ ಪದಗುಚ್ಛ ಇದ್ದರೂ ಅದು ಕಲೆ, ಪ್ರತಿಭೆ, ಸದ್ಯಃಸೃಷ್ಟಿ ಎಂದು ಜಗತ್ತು ಒಪ್ಪಿಕೊಂಡಿತು. ಸರಿ. ಆದರೆ ಡೇರೆಯೊಳಗೆ ಗೋಡೆಗೆ ಮುಖಮಾಡಿ ಕೂತ ವಿಧವೆ ಅದೇ ಅಳತೆಯಲ್ಲಿ, ಅದೇ ರೀತಿ ಸಿದ್ಧ ರೂಪಕಗಳನ್ನು ಕೂಡಿಸಿ, ಹೊಸ ಅತಿಥಿಗೆ ಹೊಸ ಸಾಲು ಸೇರಿಸಿ ಹಾಡಿದರೆ? ಆಗ ಹೇಳುವ ಮಾತು ಬೇರೆ. ಪಾಪ, ಸಂಪ್ರದಾಯದ ಮಾತುಗಳನ್ನೇ ಹೇಳುತ್ತಾಳೆ. ಇಲ್ಲವೇ, ಪಾಪ, ದುಃಖ ತಡೆಯಲಾರದೆ ಹಾಡುತ್ತಾಳೆ. ಗಂಡಸಿನ ಬಾಯಲ್ಲಿ ವಿದ್ಯೆಯಾದದ್ದು ಹೆಂಗಸಿನ ಬಾಯಲ್ಲಿ ಒಂದೋ ಜಡ್ಡು, ಇಲ್ಲ ಜ್ವರ.

ಕೊಶೋಕಿಗೆ ಗೌರವ ಕೊಟ್ಟವರೂ ಅದನ್ನು ಇನ್ನೊಂದಕ್ಕೆ ಏಣಿಯಾಗಿ ಬಳಸಿಕೊಂಡರು. ಮನಾಸ್ ವೀರ ಸತ್ತಾಗ ಅವನ ನಲವತ್ತು ಸಂಗಾತಿಗಳಲ್ಲಿ ಒಬ್ಬನಾದ ಇರ್ಚಿ ಉಲ್ ಶೋಕದ ಹಾಡು ಕಟ್ಟಿದ, ಆ ಹಾಡುಗಳೇ ಬೆಳೆದು ಮಹಾಕಾವ್ಯವಾಯಿತು ಎಂದು ಒಂದು ಐತಿಹ್ಯ. ಶೋಕಗೀತೆ ಬೀಜ, ಮಹಾಕಾವ್ಯ ಮರ ಎಂಬ ಸಿದ್ಧಾಂತ ಇದರಿಂದ ಹುಟ್ಟಿತು. ಬೀಜದ ಉಪಮೆಯಲ್ಲಿ ಒಂದು ಮೋಸವಿದೆ: ಮರವಾದ ಮೇಲೆ ಬೀಜ ಉಳಿಯುವುದಿಲ್ಲ. ಆದರೆ ಕೊಶೋಕ್ ಕರಗಿಹೋಗಿಲ್ಲ. ಸಾಯಕ್ಬಾಯ್ ಕರಾಲಾಯೆವ್ ಹಾಡಿದ ಮನಾಸ್ ಐದು ಲಕ್ಷ ಸಾಲು ದಾಟುತ್ತದೆ. ಅಂಥ ಕಾವ್ಯ ಬೆಳೆದು ನಿಂತ ಮೇಲೂ ಹಳ್ಳಿಯ ಹೆಂಗಸು ತನ್ನ ಏಳಕ್ಷರದ ಸಾಲನ್ನು ಕಟ್ಟುತ್ತಲೇ ಇದ್ದಳು. ಕಾವ್ಯದ ಒಳಗೂ ಕೊಶೋಕ್ ಕೊಶೋಕಾಗಿಯೇ ಬರುತ್ತದೆ, ಮನಾಸನ ಹೆಂಡತಿ ಕನಿಕೇಯ್‌ಳ ಬಾಯಲ್ಲಿ.

ಕನಿಕೇಯ್‌ಳ ಕಥೆಯನ್ನು ತುಸು ನಿಧಾನವಾಗಿ ಓದಬೇಕು. ಗಂಡ ಸತ್ತಿದ್ದಾನೆ, ಮಗ ಸೆಮೆತೇಯ್ ಹಸುಗೂಸು. ಗಂಡನ ಮಲತಮ್ಮಂದಿರಾದ ಅಬಿಕೆ ಮತ್ತು ಕೊಬೊಶ್ ಬಂದು ನಮ್ಮಲ್ಲಿ ಒಬ್ಬನನ್ನು ಕಟ್ಟಿಕೋ ಎನ್ನುತ್ತಾರೆ. ಸತ್ತವನ ಹೆಂಡತಿಯನ್ನು ಅವನ ತಮ್ಮ ಕೂಡಿಕೆ ಮಾಡಿಕೊಳ್ಳುವುದು ಅಲೆಮಾರಿ ಕಿರ್ಗಿಜರಲ್ಲಿ ನಡೆದುಬಂದ ಪದ್ಧತಿಯೇ. ಹೆಣ್ಣು, ಹಿಂಡು, ಮಕ್ಕಳು ಕುಲದಿಂದ ಆಚೆ ಹೋಗಬಾರದು ಎಂಬ ಲೆಕ್ಕ. ಕನಿಕೇಯ್ ಒಪ್ಪುವುದಿಲ್ಲ. ಅತ್ತೆ ಚಿಯಿರ್ದಿಯನ್ನೂ ಕೂಸನ್ನೂ ಕರೆದುಕೊಂಡು ತವರಾದ ಬುಖಾರಾಕ್ಕೆ ತಪ್ಪಿಸಿಕೊಂಡು ಹೋಗುತ್ತಾಳೆ. ಈಗ ಹಳ್ಳಿಯ ಸಾಮಾನ್ಯ ವಿಧವೆಯನ್ನು ನೆನೆಯಿರಿ. ಅವಳಿಗೆ ಬುಖಾರಾ ಇಲ್ಲ. ಸಾವಿನಿಂದ ವರ್ಷದ ‘ಆಶ್’ ಎಂಬ ದೊಡ್ಡ ಊಟದ ತನಕ ಅವಳು ಕಪ್ಪು ಉಟ್ಟು ಶೋಕದ ಡೇರೆಯಲ್ಲಿರಬೇಕಿತ್ತು. ಹಳೆಯ ಕಾಲದಲ್ಲಿ ಪಕ್ಕದಲ್ಲೇ ಗಂಡನ ಬಟ್ಟೆ ತೊಡಿಸಿದ ‘ತುಲ್’ ಎಂಬ ಗೊಂಬೆಯೂ ಇರುತ್ತಿತ್ತು. ಆಶ್ ಮುಗಿದ ಮೇಲೆ ಅವಳ ಮುಂದಿನ ಗತಿಯನ್ನು ಕುಲದ ಹಿರಿಯರು ನಿರ್ಧರಿಸುತ್ತಿದ್ದರು. ಈ ನಡುವಿನ ಅವಧಿಯಲ್ಲಿ ಅವಳು ಬಾಯಿಬಿಟ್ಟರೆ ಸುತ್ತಲಿನವರು ಕೇಳಲೇಬೇಕು, ನಡುವೆ ಬಾಯಿ ಹಾಕುವಂತಿಲ್ಲ. ಸತ್ತವನು ಹೇಗೆ ಬಾಳಿದ, ಯಾರಿಗೆ ಏನು ಮಾಡಿದ, ಈಗ ಅವನ ಮಕ್ಕಳಿಗೆ ಯಾರು ದಿಕ್ಕು ಎಂದು ಅವಳು ಹಾಡಿದರೆ ಅದು ಬರೀ ಹೊಗಳಿಕೆಯೇ? ಕೇಳಿಸಿಕೊಳ್ಳುವ ಮೈದುನರು ಹೊರಗೆ ಕೋಲೂರಿ ನಿಂತಿದ್ದಾರೆ. ನನಗೆ ಅದು ಪಂಚಾಯಿತಿಯ ಮುಂದೆ ಮಂಡಿಸಿದ ಅಹವಾಲಿನ ಹಾಗೆ ಕೇಳಿಸುತ್ತದೆ. ಮುಖ ತೋರಿಸದೆ, ಯಾರನ್ನೂ ನೇರ ನೋಡದೆ, ಬೆನ್ನಿನಿಂದ ಆಡಿದ ಮಾತು.

ಇದಕ್ಕೆ ಎದುರಾಗಿ ಸೋವಿಯತ್ ಕಾಲದವರ ಆಕ್ಷೇಪವೊಂದಿದೆ, ಅದನ್ನು ಸುಮ್ಮನೆ ತಳ್ಳಿಹಾಕಲಾರೆ. 1952ರಲ್ಲಿ ರಾಜಧಾನಿ ಫ್ರುಂಜೆಯಲ್ಲಿ, ಅಂದರೆ ಇವತ್ತಿನ ಬಿಷ್ಕೆಕ್‌ನಲ್ಲಿ, ಮನಾಸ್ ಕಾವ್ಯ ಜನರದ್ದೋ ಪಾಳೆಯಗಾರರದ್ದೋ ಎಂದು ದೊಡ್ಡ ವಿಚಾರಣೆಯಂಥ ಸಭೆಯೇ ನಡೆಯಿತು. ಮಹಾಕಾವ್ಯಕ್ಕೇ ಆ ಗತಿ ಎಂದಮೇಲೆ, ಕುಲದ ದೊಡ್ಡವರಾದ ‘ಮನಾಪ್’ಗಳು ಸತ್ತಾಗ ಕಟ್ಟಿದ ಹೊಗಳಿಕೆಯ ಕೊಶೋಕುಗಳನ್ನು ಯಾರು ಕೇಳಬೇಕು. ಉಳ್ಳವನ ಸಾವಿಗೆ ಉದ್ದದ ಹಾಡು, ಬಡವನಿಗೆ ನಾಲ್ಕು ಸಾಲು ಎಂದು ಅವರು ಮೂಗು ಮುರಿದರೆ ಅದರಲ್ಲಿ ನಿಜವಿದೆ. 1856ರಲ್ಲಿ ಕಜಕ್ ವಿದ್ವಾಂಸ ಚೋಕನ್ ವಲಿಖಾನೊವ್ ಬರೆಸಿಕೊಂಡ ಮನಾಸ್ ಭಾಗವೇ ಕೊಕೊತೊಯ್ ಖಾನನ ಆಶ್ ಊಟದ ಕಥೆ. ಊಟ, ಕುದುರೆ ಪಂದ್ಯ, ಕುಸ್ತಿ, ಬಹುಮಾನ, ಕೊನೆಗೆ ಜಗಳ. ಸತ್ತವನ ಹೆಸರಿನಲ್ಲಿ ಬದುಕಿದವರ ದರ್ಪ. ಕೊಶೋಕ್ ಈ ದರ್ಪದ ಜೊತೆಗೂ ಕೂತು ಹಾಡಿದೆ, ಇಲ್ಲ ಎನ್ನುವುದಿಲ್ಲ. ಆದರೆ ಹೊಗಳಿಕೆ ಉಬ್ಬಿದ್ದರಿಂದ ಹಾಡು ಸುಳ್ಳು ಎನ್ನುವವರನ್ನು ತಲಾಸ್ ಕಣಿವೆಗೆ ಕರೆದುಕೊಂಡು ಹೋಗಬೇಕು. ಅಲ್ಲಿ 1334ರ ಇಟ್ಟಿಗೆಯ ಗೋರಿಯೊಂದಿದೆ. ಜನ ಅದನ್ನು ಮನಾಸನ ಗುಂಬಜ್ ಎನ್ನುತ್ತಾರೆ. ಮುಂಭಾಗದ ಬರಹ ಮಾತ್ರ ಇದು ಅಮೀರ್ ಅಬುಕಾನ ಮಗಳು ಕೆನಿಜೆಕ್ ಖಾತೂನಳದು ಎನ್ನುತ್ತದೆ. ಇತಿಹಾಸಕಾರರಿಗೆ ಅಲ್ಲಿಗೆ ಮಾತು ಮುಗಿಯಿತು. ಜನರ ಉತ್ತರ ಬೇರೆ: ವೈರಿಗಳು ಗೋರಿ ಅಗೆಯದಿರಲಿ ಎಂದು ಕನಿಕೇಯ್ ಬೇಕೆಂದೇ ಹೆಂಗಸಿನ ಹೆಸರು ಕೆತ್ತಿಸಿದಳಂತೆ. ಗೋರಿ ಯಾರದೇ ಇರಲಿ, ಈ ಉತ್ತರ ಹುಟ್ಟಿದ ಮನಸ್ಸು ನನಗೆ ಮುಖ್ಯ. ಕಲ್ಲಿನ ಮೇಲೆ ಕೆತ್ತಿದ್ದನ್ನು ಉಪಾಯ ಎಂದೂ ಬಾಯಲ್ಲಿ ಹಾಡಿದ್ದನ್ನು ದಾಖಲೆ ಎಂದೂ ಎಣಿಸುವ ಜನ ಅವರು.

ನೇರವಾಗಿ ಹೇಳದಿರುವುದು ಅವರಲ್ಲಿ ಕರುಣೆಯ ಒಂದು ಬಗೆಯೂ ಹೌದು. ಸಾವಿನ ಸುದ್ದಿ ಮುಟ್ಟಿಸುವುದಕ್ಕೇ ‘ಎಸ್ತಿರ್ತೂ’ ಎಂಬ ಬೇರೆ ಪ್ರಕಾರವಿದೆ. ಚೆಂಗಿಸ್ ಖಾನನ ಮಗ ಜೋಚಿ ಬೇಟೆಯಲ್ಲಿ ಸತ್ತಾಗ, ಸುದ್ದಿ ಹೇಳಿದವನ ಬಾಯಿಗೆ ಕಾದ ಸೀಸ ಹೊಯ್ಯುವುದಾಗಿ ಅಪ್ಪ ಹೆದರಿಸಿದ್ದನಂತೆ. ಒಬ್ಬ ವಾದಕ ಮಾತೇ ಆಡದೆ, ಕುಂಟು ಕಾಡುಕತ್ತೆಯ ಕಥೆಯನ್ನು ತಂತಿಯಲ್ಲಿ ನುಡಿಸಿ ತಿಳಿಸಿದ. ಶಿಕ್ಷೆ ವಾದ್ಯಕ್ಕೆ ಆಯಿತು. ಕಜಕರೂ ಕಿರ್ಗಿಜರೂ ಇಬ್ಬರೂ ಹೇಳುವ ಕಥೆ ಇದು.

ಇಂಥ ಸುತ್ತುಮಾತಿನ ಕಲೆ ಹೆಂಗಸರಿಗೆ ಎಲ್ಲಿಂದ ಬಂತು? ನನ್ನದೊಂದು ಊಹೆ ಇದೆ. ಕಿರ್ಗಿಜ್ ಸೊಸೆ ಮಾವನ, ಗಂಡನ ಅಣ್ಣಂದಿರ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಆ ಹೆಸರಿನಂತೆ ಕೇಳಿಸುವ ದಿನಬಳಕೆಯ ಶಬ್ದವನ್ನೂ ಆಡುವಂತಿರಲಿಲ್ಲ. ‘ತೆರ್ಗೊ’ ಎನ್ನುತ್ತಾರೆ ಇದಕ್ಕೆ. ಗಂಡನ ಹೆಸರು ಕೇಳಿದರೆ ಒಗಟಿನಲ್ಲಿ ಹೇಳಿಸುವ ನಮ್ಮ ಮದುವೆ ಮನೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿ ಒಂದು ನಗೆಕಥೆಯೇ ಇದೆ. ಹೊಳೆಯಾಚೆ ಜೊಂಡಿನ ಹತ್ತಿರ ತೋಳ ಕುರಿಯನ್ನು ತಿನ್ನುತ್ತಿದೆ, ಸೊಸೆ ಕೂಗಿ ಹೇಳಬೇಕು. ಆದರೆ ಹೊಳೆ, ಜೊಂಡು, ತೋಳ, ಕುರಿ ಎಲ್ಲವೂ ಮನೆಯ ಹಿರಿಯರ ಹೆಸರುಗಳು. ಅವಳು ಭೋರ್ಗರೆಯುವುದರ ಆಚೆ, ಸರಸರ ಎನ್ನುವುದರ ಈಚೆ, ಊಳಿಡುವುದು ಬ್ಯಾ ಎನ್ನುವುದನ್ನು ತಿನ್ನುತ್ತಿದೆ ಎಂದು ಕೂಗುತ್ತಾಳೆ. ಕೇಳಿ ನಗುತ್ತೇವೆ. ನಕ್ಕಾದ ಮೇಲೆ ಯೋಚಿಸಿದರೆ ಇದಕ್ಕಿಂತ ಕಟುವಾದ ಕಾವ್ಯದ ಗರಡಿ ಇನ್ನೊಂದಿಲ್ಲ ಎನಿಸುತ್ತದೆ. ಇಪ್ಪತ್ತು ವರ್ಷ ಹೀಗೆ ಮಾತನಾಡಿದವಳಿಗೆ ಸತ್ತವನನ್ನು ಡೇಗೆ ಎನ್ನಲು, ಮನೆಯ ಆಧಾರದ ಗಳು ಎನ್ನಲು ಯಾರೂ ಕಲಿಸಬೇಕಿಲ್ಲ. ಬಾಯಿ ಕಟ್ಟಿದ ಪದ್ಧತಿಯೇ ರೂಪಕದ ಪಾಠ ಹೇಳಿತು. ಪದ್ಧತಿಯನ್ನು ಹೊಗಳುತ್ತಿಲ್ಲ, ಅದರೊಳಗೆ ಕೂತು ಅವರು ಏನು ಮಾಡಿಕೊಂಡರು ಎನ್ನುತ್ತಿದ್ದೇನೆ.

ಇನ್ನೊಂದು ಸಂಗತಿ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಹಾಡುವುದೂ ಕೊಶೋಕೇ. ಹೆಸರು ಒಂದೇ, ಅಳತೆ ಒಂದೇ. ಅತ್ತೆಗೆ ಎದುರಾಡಬೇಡ, ಬೇಗ ಏಳು ಎಂಬ ಬುದ್ಧಿಮಾತೂ ಅದರಲ್ಲಿ ಸೇರುತ್ತದೆ. ಕೊಶೋಕ್ ಸಾವಿನ ದುಃಖದಿಂದ ತಾನಾಗಿ ಹುಟ್ಟುತ್ತದೆ ಎನ್ನುವವರು ಮದುವೆಯ ಈ ಕೊಶೋಕಿಗೆ ಏನು ಹೇಳುತ್ತಾರೆ? ಅಲ್ಲಿ ಯಾರೂ ಸತ್ತಿಲ್ಲ. ಹೊರಗೆ ಕುರಿ ಕಡಿದು ಹಬ್ಬ ನಡೆದಿದೆ. ಒಬ್ಬ ಮನುಷ್ಯ ಒಂದು ಮನೆಯಿಂದ ಕಡಿದುಹೋದಾಗ ಅವನು ಯಾರು, ಯಾರ ಪಾಲಿನವನು ಎಂದು ಎಲ್ಲರೆದುರು ಮಾತಿನಲ್ಲಿ ಕೂಡಿಸಿ ಹೇಳುವುದು, ಅಷ್ಟೇ ಈ ಎರಡಕ್ಕೂ ಸಮಾನ. ಧಾತುವಿನ ಅರ್ಥವೂ ಅದೇ ತಾನೆ.

ಕಿರ್ಗಿಜ್ ಕಾದಂಬರಿಕಾರ ಚಿಂಗಿಜ್ ಐತ್ಮಾತೊವ್‌ನನ್ನು ಓದಿದವರಿಗೆ ಇದು ಬೇಗ ಹೊಳೆಯುತ್ತದೆ. ‘ಗುಲ್ಸಾರಿ’ ಕುದುರೆಯ ಕಾದಂಬರಿಯಲ್ಲಿ (1966) ತನ್ನ ಕೈಯಿಂದಲೇ ಮಗ ಸತ್ತ ಮುದುಕ ಬೇಟೆಗಾರನ ಹಳೆಯ ಶೋಕಗೀತೆಯನ್ನು ಅವನು ಬಳಸಿಕೊಂಡ. ಅದಕ್ಕಿಂತ ಆಳವಾದದ್ದು 1980ರ ಕಾದಂಬರಿಯ ನೈಮಾನ್ ತಾಯಿಯ ಕಥೆ. ಬೋಳಿಸಿದ ತಲೆಗೆ ಹಸಿ ಒಂಟೆಚರ್ಮ ಬಿಗಿದು, ಬಿಸಿಲಲ್ಲಿ ಒಣಗಿಸಿ, ಅವಳ ಮಗನನ್ನು ನೆನಪು ಕಳೆದುಕೊಂಡ ಗುಲಾಮನನ್ನಾಗಿ ಮಾಡಿದ್ದಾರೆ, ಅವನೇ ಮಂಕುರ್ತ್. ಹುಡುಕಿ ಬಂದ ತಾಯಿಯನ್ನು ಆ ಮಗನೇ ಬಾಣ ಬಿಟ್ಟು ಕೊಲ್ಲುತ್ತಾನೆ. ಅವಳ ತಲೆಯ ಬಿಳಿ ವಸ್ತ್ರ ಹಕ್ಕಿಯಾಗಿ ಹಾರಿ, ನೀನು ಯಾರ ಮಗ, ನಿನ್ನಪ್ಪನ ಹೆಸರೇನು ಎಂದು ಇವತ್ತಿಗೂ ಕೂಗುತ್ತದೆ. ಹಕ್ಕಿ ಅಳುವುದಿಲ್ಲ, ವಂಶದ ಹೆಸರು ಹೇಳುತ್ತದೆ ಎನ್ನುವುದನ್ನು ಗಮನಿಸಬೇಕು. ಐತ್ಮಾತೊವ್‌ನ ತಂದೆ ತೊರೆಕುಲ್‌ನನ್ನು 1938ರಲ್ಲಿ ಗುಂಡಿಟ್ಟು ಕೊಂದು, ಚೋಂಗ್‌ತಾಶ್ ಹಳ್ಳಿಯ ಹತ್ತಿರ ಇತರರೊಂದಿಗೆ ಒಂದೇ ಗುಂಡಿಯಲ್ಲಿ ಹೂತಿದ್ದರು. ಆ 137 ಜನರ ಗುರುತು ಹತ್ತಿದ್ದು 1991ರಲ್ಲಿ. ಹೆಂಡತಿ ನಗೀಮಾ ಜಾಗ ಗೊತ್ತಾಗದೆಯೇ 1971ರಲ್ಲಿ ತೀರಿಕೊಂಡಿದ್ದಳು. ಜನದ್ರೋಹಿ ಎಂದು ಹಣೆಪಟ್ಟಿ ಹಚ್ಚಿಸಿಕೊಂಡವನಿಗೆ ಡೇರೆ ಎತ್ತಿ ಹಾಡುವವರು ಯಾರು. ನೈಮಾನ್ ತಾಯಿಯ ಹಕ್ಕಿಯ ಕೂಗನ್ನು ನಾನು ಆ ಹಾಡದೆ ಉಳಿದ ಕೊಶೋಕಿನ ಜೊತೆ ಇಟ್ಟು ಓದುತ್ತೇನೆ.

ಇನ್ನು ಇವತ್ತಿನ ಜಗಲಿಯ ಮಾತು. ಸೋವಿಯತ್ ಆಳ್ವಿಕೆ ಹೋದ ಮೇಲೆ ಮಸೀದಿಗಳು ಹೆಚ್ಚಿದವು. ಗಟ್ಟಿಯಾಗಿ ಗೋಳಿಟ್ಟರೆ ಸತ್ತವನಿಗೆ ಹಿಂಸೆ, ಅದು ಇಸ್ಲಾಮಿಗೆ ಸಲ್ಲದು, ಸುಮ್ಮನೆ ಕುರಾನ್ ಓದಿಸಿ ಎಂದು ಹಳ್ಳಿಗಳಲ್ಲಿ ಬುದ್ಧಿ ಹೇಳುವ ಇಮಾಮರಿದ್ದಾರೆ. ಸಾವಿನ ಮನೆಗೆ ಕುದುರೆ ಕಡಿದು ಸಾಲ ಮಾಡಿಕೊಳ್ಳಬೇಡಿ ಎಂದು ಅವರು ಹೇಳಿದರೆ ಕೈ ಮುಗಿದು ಒಪ್ಪುತ್ತೇನೆ. ಹಾಡು ಬೇಡ ಎನ್ನುವಾಗ ಮಾತ್ರ ಅವರೂ ಕೊಶೋಕನ್ನು ಅಳು ಎಂದೇ ತಿಳಿದಿದ್ದಾರೆ ಎನಿಸುತ್ತದೆ. ದೇಹಕ್ಕೆ ಸ್ನಾನ ಮಾಡಿಸಿ, ಅಂಗಳದಲ್ಲಿ ನಮಾಜು ಮುಗಿಸಿ ಗಂಡಸರು ಅದನ್ನು ಎತ್ತಿಕೊಂಡು ಹೋಗುತ್ತಾರೆ. ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ. ದೇಹ ಡೇರೆಯಿಂದ ಆಚೆ ಹೊರಟ ಗಳಿಗೆಯೇ ಕೊಶೋಕ್ ತಾರಕಕ್ಕೇರುವ ಗಳಿಗೆ, ಅವರ ಪಾಲಿನ ಕ್ರಿಯೆ ಅಲ್ಲಿಗೆ ಮುಗಿಯುತ್ತದೆ. ಅದನ್ನೂ ತೆಗೆದುಬಿಟ್ಟರೆ ಗಂಡಸರು ಮಣ್ಣು ಕೊಟ್ಟು ಬರುವ ತನಕ ಅವರಿಗೆ ಉಳಿಯುವುದು ಅಡಿಗೆಯ ಒಲೆ: ಕರುಳು ತೊಳೆಯುವುದು, ಹಿಟ್ಟು ಲಟ್ಟಿಸುವುದು, ಎಣ್ಣೆಯ ಘಾಟು ಸತ್ತವನಿಗೆ ಮುಟ್ಟಲಿ ಎಂದು ಬೊರ್ಸೋಕ್ ತುಂಡುಗಳನ್ನು ಕಡಾಯಿಗೆ ಬಿಡುವುದು.